ರೊಟ್ಟಿಗೆ ಬೆಲ್ಟು

ನವೆಂಬರ್ ೪, ಸೋಮವಾರ

ರೊಟ್ಟಿ ಮಾಡಿದೆ. ಬೇರೆ ಏನೂ ಇಲ್ಲ.

ನವೆಂಬರ್ ೫, ಮಂಗಳವಾರ

ರೊಟ್ಟಿ. ಜೊತೆಗೆ ರೊಟ್ಟಿ ಬಡಿಯುವ ಮಸ್ತಾನಬಿ ಏನೇನೋ ಹೇಳಿದಳು, ನಾನು ಹೂಂ ಎಂದೆ. ನಿದ್ದೆ ಬರಲಿಲ್ಲ, ಜುಲೈನಿಂದ ಹೀಗೇ.

ನವೆಂಬರ್ ೮, ಶುಕ್ರವಾರ

ಈ ಡೈರಿ ನಮ್ಮ ಮನೆಯವರದು. ಬ್ಯಾಂಕಿನವರು ಕೊಟ್ಟದ್ದು, ಒಂದು ಹಾಳೆಯನ್ನೂ ಬರೆದಿರಲಿಲ್ಲ. ಸಂಜೆ ಆಟೋ ನಿಲ್ಲಿಸಿ ಬಂದವರೇ ‘ಇವತ್ತೇನಾತು ಹೇಳು’ ಎಂದು ಕೇಳುತ್ತಿದ್ದರು. ಈಗ ಕೇಳುವವರಿಲ್ಲ, ಅದಕ್ಕೆ ಬರೆಯುತ್ತೇನೆ. ಏಳನೇ ಕ್ಲಾಸಿನ ಅಕ್ಷರ, ತಪ್ಪಿದ್ದರೆ ಇರಲಿ.

ಇವತ್ತೇನಾಯಿತೆಂದರೆ, ಕಮಲಾಪುರದ ಖಾನಾವಳಿಗೆ ಕಳಿಸಿದ ಖಡಕ್ ರೊಟ್ಟಿ ಮತ್ತೆ ಮುರಿದವು. ಕಪಿಲ ತನ್ನ ಆಟೋದಲ್ಲಿ ಒಯ್ಯುತ್ತಾನೆ. ಕಪಿಲ ನನ್ನ ಮೈದುನ, ನನಗೆ ವೈನಿ ಎನ್ನುತ್ತಾನೆ. ಅಣ್ಣನ ಹಾಗೆ ಅವನೂ ಆಟೋ ಓಡಿಸುತ್ತಾನೆ, ಆದರೆ ಅಣ್ಣನ ಹಾಗೆ ಓಡಿಸುವುದಿಲ್ಲ.

ಪ್ರತಿ ಕಟ್ಟಿನ ಮೇಲೆ ಲೆಕ್ಕಕ್ಕೆ ಸೇರದ ಒಂದು ರೊಟ್ಟಿ ಇಡುವುದು ನಮ್ಮ ರೂಢಿ. ಅದಕ್ಕೆ ಮೇಲಿನ ರೊಟ್ಟಿ ಎನ್ನುತ್ತೇವೆ. ದಾರಿಯ ಪೆಟ್ಟನ್ನೆಲ್ಲ ಅದೇ ತಿನ್ನುತ್ತದೆ, ಕೆಳಗಿನವು ಉಳಿಯುತ್ತವೆ. ಮುರಿದ ಮೇಲಿನ ರೊಟ್ಟಿ ಮನೆಗೆ ವಾಪಸು ಬರುತ್ತದೆ. ಅದು ಅವರ ಪಾಲು. ಅಡುಗೆಮನೆ ಹೊಸ್ತಿಲ ಮೇಲೆ ಕುಳಿತು, ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ಹಚ್ಚಿಕೊಂಡು ತಿನ್ನುತ್ತಿದ್ದರು. ಚೂರುಗಳು ಈಗಲೂ ಬರುತ್ತವೆ. ಸ್ಟೀಲ್ ಡಬ್ಬಿಯಲ್ಲಿ ಹಾಕಿಡುತ್ತೇನೆ. ಆ ಡಬ್ಬಿ ತುಂಬಿತು. ಇವತ್ತು ಇನ್ನೊಂದು ತೆಗೆದೆ.

ನವೆಂಬರ್ ೧೨, ಮಂಗಳವಾರ

ಖಾನಾವಳಿಯ ಶಿವಕಾಂತಮ್ಮ ಫೋನ್ ಮಾಡಿದ್ದರು. ಅವರು ಜೋರು ಮಾಡುವುದಿಲ್ಲ, ಅದೇ ಹೆದರಿಕೆ. ‘ಬಂಡೆಮ್ಮ, ನಿನ್ನ ರೊಟ್ಟಿ ರುಚಿ ಅದ. ಆದ್ರ ಗಿರಾಕಿ ಮುಂದ ಚೂರು ಇಟ್ರ ಎಂಜಲ ಅಂತಾರ. ನಾ ಏನ್ ಮಾಡ್ಲಿ ಹೇಳು’ ಎಂದರು. ಮುಂದೆಯೂ ಹೀಗೇ ಆದರೆ ಹುಮನಾಬಾದದಿಂದ ತರಿಸುತ್ತಾರಂತೆ.

ಆ ಖಾನಾವಳಿ ಹೋದರೆ ನಮ್ಮ ರೊಟ್ಟಿ ಕೇಂದ್ರದ ಅರ್ಧ ಕೆಲಸ ಹೋದಂತೆ. ನನಗೊಬ್ಬಳಿಗೆ ಹೇಗೋ ನಡೆಯುತ್ತದೆ. ಮಸ್ತಾನಬಿಗೆ ಮತ್ತು ಇನ್ನಿಬ್ಬರಿಗೆ ನಾಳೆಯಿಂದ ಬರಬೇಡಿ ಎಂದು ಯಾವ ಬಾಯಿಂದ ಹೇಳುವುದು? ಮನೆಯವರ ಆಟೋ ಮಾರಿದ ದುಡ್ಡು ಪೋಸ್ಟ್ ಆಫೀಸಿನಲ್ಲಿದೆ, ಮುಟ್ಟಿಲ್ಲ. ಸಾಮಾನು ಒಯ್ಯುವ, ಮೂರು ಗಾಲಿಯ ಒಂದು ಹಳೇ ಟಂಟಂ ತಗೊಳ್ಳೋಣ ಎಂದು ಕಪಿಲ ಹೇಳಿದ. ಕಮಲಾಪುರದಲ್ಲಿ ಬಾಳೆಹಣ್ಣಿನ ವ್ಯಾಪಾರಿ ದೌಲಪ್ಪ ಎಂಬವರು ಒಂದು ಮಾರುತ್ತಿದ್ದಾರಂತೆ. ನೀನೇ ಹೋಗಿ ನೋಡಿ ಬಾ ಎಂದೆ. ನೀವು ಬರದಿದ್ದರೆ ನಾನೂ ಹೋಗುವುದಿಲ್ಲ ಎಂದ. ಹಟಮಾರಿ.

ನವೆಂಬರ್ ೧೪, ಗುರುವಾರ

ಟಂಟಂ ನೋಡಲು ಹೋಗಿ ಕಾರಿಗೆ ಮುಂಗಡ ಕೊಟ್ಟು ಬಂದೆವು.

ಹೀಗೆ ಬರೆದರೆ ನನಗೇ ನಂಬಿಕೆ ಬರುತ್ತಿಲ್ಲ. ಸರಿಯಾಗಿ ಬರೆಯುತ್ತೇನೆ.

ದೌಲಪ್ಪನವರ ಟಂಟಂ ಚೆನ್ನಾಗಿತ್ತು. ಹೇಳಿದ ಬೆಲೆ ಕೇಳಿ ಕಪಿಲ ಕೆಮ್ಮಿದ. ಆ ಕಡೆ ಬೇವಿನ ಗಿಡದ ಕೆಳಗೆ ಒಂದು ಉದ್ದನೆಯ ಕಪ್ಪು ಕಾರು ನಿಂತಿತ್ತು. ಮಂತ್ರಿಗಳು ಬಂದಾಗ ಓಡಾಡುವಂಥದ್ದು. ವಿದೇಶದ್ದು, ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ಅದರ ಮೇಲೆ ಎರಡು ಕೋಳಿ ಕುಳಿತಿದ್ದವು. ಕಪಿಲ ಸುಮ್ಮನೆ ಕೇಳಬೇಕೆಂದು ಅದರ ಬೆಲೆ ಕೇಳಿದ. ಟಂಟಂಗಿಂತ ಕಡಿಮೆ ಹೇಳಿದರು.

ಯಾಕೆ ಎಂದು ನಾನೇ ಕೇಳಿದೆ. ದೌಲಪ್ಪ ಸತ್ಯವಂತರು. ‘ಮೊದಲೇ ಹೇಳ್ತೀನಿ ತಂಗಿ, ಆಮ್ಯಾಲ ಬಂದು ಜಗಳ ತಗೀಬ್ಯಾಡ್ರಿ. ಇದು ಮುಂದ ಹೋಗ್ತದ. ಹಿಂದ ಹೋಗಂಗಿಲ್ಲ. ರಿವರ್ಸ್ ಗೇರ್ ಸತ್ತದ. ರಿಪೇರಿಗಿ ಕೇಳಿದ ರೊಕ್ಕಕ್ಕ ಇನ್ನೊಂದು ಕಾರ್ ಬರ್ತದ.’

ಅವರ ಅಂಗಳ ದೊಡ್ಡದು, ಗಿಡಕ್ಕೆ ಒಂದು ಸುತ್ತು ಹಾಕಿ ಹೊರಗೆ ಬರುತ್ತಾರಂತೆ. ಕಪಿಲ ನಕ್ಕುಬಿಟ್ಟ. ‘ಇಷ್ಟೇ ಏನ್ರಿ? ಹಿಂದಕ್ಕ ಹೋಗಾವರು ಯಾರದಾರ?’ ಎಂದ. ನನಗೂ ಅದು ದೊಡ್ಡ ವಿಷಯ ಅನಿಸಲಿಲ್ಲ. ನಾವು ಆಟೋದ ಮಂದಿ. ನಿಂತಲ್ಲೇ ಹ್ಯಾಂಡಲ್ ತಿರುವಿದರೆ ಆಟೋ ತಿರುಗುತ್ತದೆ. ತಿರುಗದಿದ್ದರೆ ಒಂದು ಕಾಲು ಕೆಳಗಿಟ್ಟು ತಳ್ಳುತ್ತೇವೆ. ಇಷ್ಟು ವರ್ಷದ ಸಂಸಾರದಲ್ಲಿ ಅವರು ರಿವರ್ಸ್ ಗೇರ್ ಹಾಕಿದ್ದನ್ನು ನಾನು ಕಂಡಿಲ್ಲ.

ತುಂಬಿದ ನೀರಿನ ಗ್ಲಾಸು ಸೀಟಿನ ಮೇಲಿಟ್ಟರೂ ತುಳುಕುವುದಿಲ್ಲ ಎಂದರು ದೌಲಪ್ಪ. ನನ್ನ ಹತ್ತಿರ ಶಿವಕಾಂತಮ್ಮ ವಾಪಸು ಕೊಟ್ಟ ಕಟ್ಟು ಇತ್ತು. ಅದರಲ್ಲಿ ಉಳಿದಿದ್ದ ನಾಲ್ಕು ಗಟ್ಟಿ ರೊಟ್ಟಿ ಸೀಟಿನ ಮೇಲೆ ಇಟ್ಟುಕೊಂಡು ಹಿಂದೆ ಕುಳಿತೆ. ಕಪಿಲ ಬೇಕೆಂದೇ ತಗ್ಗು ಹುಡುಕಿ ಹುಡುಕಿ ಓಡಿಸಿದ. ಒಂದೂ ಮುರಿಯಲಿಲ್ಲ.

ಇದನ್ನು ದೌಲಪ್ಪನವರೇ ಎಣಿಸಿ ಹೇಳಿದರು. ನಾನು ನೋಡಲಿಲ್ಲ. ನನಗೆ ನಿದ್ದೆ ಹತ್ತಿಬಿಟ್ಟಿತ್ತು.

ನವೆಂಬರ್ ೧೬, ಶನಿವಾರ

ಕಾಗದಪತ್ರ ಮುಗಿಸಿ ಇವತ್ತು ಕಾರನ್ನು ಶಹಾಬಜಾರಕ್ಕೆ ತಂದೆವು. ನಮ್ಮ ಓಣಿ ಹೇಗಿದೆ ಎಂಬುದು ಈ ಡೈರಿಗೆ ಗೊತ್ತಿಲ್ಲ. ಒಂದು ಆಟೋ, ಪಕ್ಕದಲ್ಲಿ ಒಂದು ಸೈಕಲ್, ಇಷ್ಟು ಅಗಲ. ಕಪಿಲನಿಗೆ ಗೊತ್ತು. ಆದರೂ ದಿನಾ ಆಟೋ ಹೊರಳಿಸುವ ಹಾಗೆ ಹಾಡು ಹೇಳುತ್ತ ಹೊರಳಿಸಿಬಿಟ್ಟ.

ಮಸ್ತಾನಬಿಯ ಮನೆ ಕಟ್ಟೆ ಒಂದು ಕಡೆ, ಕರೆಂಟಿನ ಕಂಬ ಇನ್ನೊಂದು ಕಡೆ. ನಡುವೆ ಕಾರು ನಿಂತಿತು. ಮುಂದೆ ಹೋಗಲು ಜಾಗವಿಲ್ಲ. ಹಿಂದೆ ಹೋಗಲು ಗೇರಿಲ್ಲ. ಬಾಗಿಲು ತೆಗೆದರೆ ಕೈ ಹೋಗುವಷ್ಟು ಸಂದು. ಕಾರಿನೊಳಗಿಂದ ಯಾರೋ ಹೆಂಗಸು ಇಂಗ್ಲಿಷಿನಲ್ಲಿ ಏನೋ ಹೇಳಿದಳು, ಆಮೇಲೆ ಪೀಂ ಪೀಂ ಎಂದು ಕೂಗತೊಡಗಿತು. ಎರಡೂ ಕಡೆ ಏನೋ ತಾಗುತ್ತಿದೆ ಎಂದು ಅದರ ದೂರು. ಅದು ನಮಗೂ ಕಾಣುತ್ತಿತ್ತು.

ಕಾರಿನ ನೆತ್ತಿಯ ಮೇಲೆ ಒಂದು ಕಿಟಕಿ ಇದೆ. ಕಪಿಲ ಅದನ್ನು ತೆಗೆದು ಕೋತಿಯಂತೆ ಹತ್ತಿ ಹೊರಗೆ ಹೋದ. ‘ವೈನಿ, ನೀವೂ ಬರ್ರಿ’ ಎಂದು ಕೈ ಚಾಚಿದ. ಈ ವಯಸ್ಸಿನಲ್ಲಿ, ಸೀರೆ ಉಟ್ಟುಕೊಂಡು, ಓಣಿಯ ಮಂದಿಯೆಲ್ಲ ನೋಡುವಾಗ ಕಾರಿನ ಮಾಳಿಗೆ ಹತ್ತುವುದೇ? ನಾನು ಬರುವುದಿಲ್ಲ ಎಂದು ಒಳಗೇ ಕುಳಿತೆ.

ಮಸ್ತಾನಬಿ ಕಟ್ಟೆಯ ಮೇಲೆ ಕುಳಿತರೆ ಅವಳ ಮೊಣಕಾಲು ನನ್ನ ಕಿಟಕಿಗೆ ಸರಿಯಾಗಿ ಬರುತ್ತದೆ. ಬಗ್ಗಿ ನೋಡಿದಳು. ‘ಜುಲೈನಾಗಿಂದ ಮನಿ ಬಿಟ್ಟು ಹೊರಗ ಬಾ ಅಂತ ಕೈಮುಗೀತಿದ್ದೆ. ಬಂದಿ, ಈಗ ಕಾರ್ ಬಿಟ್ಟು ಹೊರಗ ಬರವಲ್ಲಿ’ ಎಂದಳು. ಮೇಲಿನ ಕಿಟಕಿಯಿಂದ ಚಹಾ ಇಳಿಸಿದಳು. ಸ್ವಲ್ಪ ಹೊತ್ತಿಗೆ ಮಿರ್ಚಿ ಭಜಿ ಬಂತು. ಪಕ್ಕದ ಮನೆಯವರು ಉಂಡಿ ಇಳಿಸಿದರು. ಸ್ಕೂಲು ಬಿಟ್ಟ ಮಕ್ಕಳು ಸಾಲು ಹಚ್ಚಿ ಬಗ್ಗಿ ಬಗ್ಗಿ ನನ್ನನ್ನು ನೋಡಿಹೋದವು, ಸರ್ಕಸ್ಸಿಗೆ ಬಂದ ಹಾಗೆ.

ಕೊನೆಗೆ ಓಣಿಯ ತುದಿಯ ಹಿಟ್ಟಿನ ಗಿರಣಿಯ ಮಲ್ಲಣ್ಣ ಬಂದ. ಗಿರಣಿ ಬಂದ್ ಮಾಡಿ, ಮೈಯೆಲ್ಲ ಜೋಳದ ಹಿಟ್ಟು ಹಾಗೇ ಇಟ್ಟುಕೊಂಡು ಬಂದಿದ್ದ. ಓಣಿಯ ಗಂಡಸರನ್ನೆಲ್ಲ ಕೂಡಿಸಿ, ಕಾರಿನ ಮೂತಿಗೆ ಕೈಕೊಟ್ಟು ‘ಹೈಸ್ಸಾ’ ಎಂದು ಹಿಂದಕ್ಕೆ ತಳ್ಳಿಸಿದ. ಕಪ್ಪು ಕಾರಿನ ಮೇಲೆ ಅವನ ಎರಡು ಬಿಳಿ ಅಂಗೈ ಮೂಡಿದವು. ರಸ್ತೆಗೆ ಬಂದ ಮೇಲೆ ಬಾಗಿಲು ತೆಗೆದು, ನಿಮ್ಮ ರಿವರ್ಸ್ ಗೇರಿನ ಹೆಸರು ಮಲ್ಲಣ್ಣ, ಇನ್ನು ಮೇಲೆ ಬೇಕಾದಾಗ ಕರೀರಿ ಎಂದು ಸಲಾಂ ಹೊಡೆದ.

ಒಳಗೆ ಕುಳಿತಾಗ ನಾನು ನಕ್ಕೆನಂತೆ. ಮಸ್ತಾನಬಿ ಓಣಿಯ ತುಂಬ ಹೇಳಿಕೊಂಡು ಬಂದಿದ್ದಾಳೆ. ನನಗೆ ನೆನಪಿಲ್ಲ. ಭಜಿ ಖಾರವಾಗಿತ್ತು, ಕಣ್ಣಲ್ಲಿ ನೀರು ಬಂದದ್ದು ಅದಕ್ಕೇ.

ನವೆಂಬರ್ ೧೮, ಸೋಮವಾರ

ಕಾರು ಈಗ ಗಿರಣಿಯ ಮುಂದೆ ನಿಲ್ಲುತ್ತದೆ. ಕೋಳಿಗಳ ವಾಸನೆ ಹೋಗಲೆಂದು ಮಸ್ತಾನಬಿ ಲೋಬಾನದ ಹೊಗೆ ಹಾಕಿದಳು. ಹೊಗೆ ಹೆಚ್ಚಾಗಿ ಇಂಗ್ಲಿಷ್ ಹೆಂಗಸು ಮತ್ತೆ ಮಾತಾಡಿದಳು.

ನವೆಂಬರ್ ೨೨, ಶುಕ್ರವಾರ

ಹಾಳಾಯಿತು.

ಮೊದಲ ಸಲ ಕಾರಿನಲ್ಲಿ ಕಮಲಾಪುರಕ್ಕೆ ರೊಟ್ಟಿ ಒಯ್ದೆವು. ಹಿಂದಿನ ಸೀಟಿನಲ್ಲಿ ಎರಡು ಕಟ್ಟು ಮತ್ತು ನಾನು. ಮುಂದೆ ಕಪಿಲನ ಪಕ್ಕದ ಸೀಟಿನಲ್ಲಿ ಎಲ್ಲಕ್ಕಿಂತ ದೊಡ್ಡ ಕಟ್ಟು. ಗಿರಣಿ ಬಿಟ್ಟ ಕೂಡಲೇ ಕಾರು ಟಿಂಗ್ ಟಿಂಗ್ ಎನ್ನತೊಡಗಿತು. ಕಟ್ಟಿನ ಭಾರಕ್ಕೆ ಯಾರೋ ಮನುಷ್ಯರು ಕುಳಿತಿದ್ದಾರೆ, ಬೆಲ್ಟು ಹಾಕಿಲ್ಲ ಎಂದು ಅದು ತಿಳಿದಿದೆ. ‘ಇದಕ್ಕ ರೊಟ್ಟಿ ಯಾವುದು, ಮನುಷ್ಯಾ ಯಾವುದು ಗೊತ್ತಾಗಂಗಿಲ್ಲ. ಮ್ಯಾಗ ದೊಡ್ಡ ಕಾರಂತ’ ಎಂದು ಕಪಿಲ ಬೈದ. ಬೆಲ್ಟನ್ನು ಕಟ್ಟಿನ ಹಿಂದಿನಿಂದ ಎಳೆದು ಸಿಕ್ಕಿಸಿ ಬಾಯಿ ಮುಚ್ಚಿಸಿದ.

ಜಗತ್ ಸರ್ಕಲ್ಲಿನಲ್ಲಿ ಟ್ರಾಫಿಕ್ ಪೊಲೀಸ್ ಕಾರು ಕಂಡವನೇ ಉಳಿದವರನ್ನೆಲ್ಲ ತಡೆದು ನಮಗೆ ದಾರಿ ಬಿಟ್ಟ, ಸೆಲ್ಯೂಟ್ ಹೊಡೆದ. ಅವನ ಹಿಂದೆ ಆಟೋ ಸ್ಟ್ಯಾಂಡ್. ಜುಲೈನಲ್ಲಿ ನಮ್ಮ ಮನೆಯವರು ಆಟೋದಲ್ಲಿ ಕುಳಿತಲ್ಲೇ ಜೀವ ಬಿಟ್ಟದ್ದು ಅಲ್ಲೇ. ಇಷ್ಟು ದಿನ ನಾನು ಆ ಕಡೆ ಹಾದಿರಲಿಲ್ಲ. ನೋಡಬಾರದು ಎಂದುಕೊಂಡಿದ್ದೆ. ಆದರೆ ಸ್ಟ್ಯಾಂಡಿನ ಆಟೋದವರೆಲ್ಲ ಕಪಿಲನನ್ನು ಕಂಡು, ಮಂತ್ರಿಯಾದ್ಯಾ ಎಂದು ಕೂಗಿ ಸೀಟಿ ಹೊಡೆದರು. ಕಪಿಲ ಕೈ ಬೀಸಿದ. ಆಗ ಒಂದು ಎಮ್ಮೆ ಅಡ್ಡ ಬಂತು.

ಆಟೋದ ಬ್ರೇಕನ್ನು ಒತ್ತುವ ಹಾಗೆ ಎರಡೂ ಕಾಲಿನ ಜೀವ ಕೊಟ್ಟು ಒತ್ತಿದ. ಈ ಕಾರಿನ ಬ್ರೇಕಿಗೆ ಅಷ್ಟು ಬೇಡವಂತೆ. ಕಾರು ನಿಂತಿತು. ರೊಟ್ಟಿ ನಿಲ್ಲಲಿಲ್ಲ. ಮೂರೂ ಕಟ್ಟು ಮುಂದಕ್ಕೆ ಹಾರಿ ಬಿದ್ದವು. ಎಮ್ಮೆ ನಮ್ಮನ್ನು ಒಮ್ಮೆ ನೋಡಿ ಹೋಯಿತು.

ಶಿವಕಾಂತಮ್ಮ ಕಟ್ಟು ಬಿಚ್ಚಿ ನೋಡಿದರು. ನಮ್ಮ ಹಿಂದೆ ನಿಂತ ಕಾರನ್ನೂ ನೋಡಿದರು. ‘ಬರೋ ಶುಕ್ರವಾರ ಒಂದು ಸಲ ನೋಡ್ತೀನಿ ಬಂಡೆಮ್ಮ. ಅವತ್ತೂ ಹಿಂಗೇ ಆದ್ರ ಮತ್ತ ಬರಬ್ಯಾಡ. ಮಧ್ಯಾಹ್ನದ ಊಟದ ಹೊತ್ತಿಗಿ ಬರಬೇಕು’ ಎಂದರು. ಇಂಥ ಕಾರಿನಲ್ಲಿ ಬಂದು ಚೂರು ಕೊಡುತ್ತಾಳಲ್ಲ ಎಂದು ಅನಿಸಿರಬೇಕು. ನನಗೂ ಹಾಗೇ ಅನಿಸಿತು.

ಬರುವಾಗ ಕಪಿಲ ಕಾರನ್ನು ಎತ್ತಿನ ಗಾಡಿಯ ಹಾಗೆ ಓಡಿಸಿದ. ನಾನು ಹಿಂದೆ ಕುಳಿತು ಅವನ ಕುತ್ತಿಗೆ ನೋಡುತ್ತಿದ್ದೆ. ಅಣ್ಣನ ಹಾಗೇ ಇದೆ. ಆಟೋದಲ್ಲಿ ಹಿಂದೆ ಕುಳಿತು ಮಾತಾಡಿ ಮಾತಾಡಿ, ಅವರ ಮುಖಕ್ಕಿಂತ ಕುತ್ತಿಗೆಯೇ ನನಗೆ ಹೆಚ್ಚು ಗೊತ್ತು. ಸುಮ್ಮನಿರಲಾಗಲಿಲ್ಲ. ‘ತಪ್ಪು ಎಮ್ಮೀದು’ ಎಂದೆ. ‘ಹೌದ್ರಿ ವೈನಿ, ಅದಕ್ಕ ಲೈಸೆನ್ಸೇ ಇಲ್ಲ’ ಎಂದ.

ಚೂರು ಬಹಳ ಬಂದವು. ಎರಡನೇ ಡಬ್ಬಿಯೂ ತುಂಬಿತು.

ನವೆಂಬರ್ ೨೫, ಸೋಮವಾರ

ಕಾರು ಹೇಳಿದ್ದೇ ಸರಿ ಎಂದು ನನಗೆ ತೋಚಿತು. ಮಸ್ತಾನಬಿಗೆ ಹೇಳಿದೆ, ಅವಳು ನನ್ನ ಹಣೆ ಮುಟ್ಟಿ ನೋಡಿದಳು. ಗಿರಣಿಯ ಮುಂದೆ ಎಲ್ಲರೂ ಸೇರಿ ಅಭ್ಯಾಸ ಮಾಡಿದೆವು. ಹಳೇ ಕೌದಿ ಮಡಚಿ ಸೀಟಿನ ಮೇಲೆ ಹಾಸಿ, ಕಟ್ಟು ಇಟ್ಟು, ಬೆಲ್ಟನ್ನು ಮಗುವಿಗೆ ಹಾಕುವ ಹಾಗೆ ಎದೆಯ ಮೇಲಿಂದ ತಂದು ಸಿಕ್ಕಿಸಿದೆ. ಕಾರು ಸುಮ್ಮನಾಯಿತು. ಕಪಿಲ ಓಡಿಸುವುದು, ಮಲ್ಲಣ್ಣ ಎಮ್ಮೆಯಾಗಿ ಅಡ್ಡ ಬರುವುದು. ಮಲ್ಲಣ್ಣ ಬೇಡವೆಂದರೂ ಎಮ್ಮೆಯ ಹಾಗೆ ಕೂಗುತ್ತಲೇ ಬರುತ್ತಿದ್ದ. ಸಂಜೆಯ ಹೊತ್ತಿಗೆ ಕಪಿಲನ ಕಾಲಿಗೆ ಬ್ರೇಕು ತಿಳಿಯಿತು.

ಮನೆಗೆ ಬಂದು ಅನ್ನಕ್ಕಿಟ್ಟು ಕುಳಿತವಳಿಗೆ ಕುಕ್ಕರ್ ಸೀಟಿ ಹೊಡೆದದ್ದು ಕೇಳಲಿಲ್ಲ. ನಿದ್ದೆ ಮಾಡಿದ್ದೆ. ಅನ್ನ ಹೊತ್ತಿತು.

ನವೆಂಬರ್ ೨೯, ಶುಕ್ರವಾರ

ಇವತ್ತೇನಾಯಿತು ಎಂದು ಬರೆಯಲು ಹಾಳೆ ಸಾಲದು.

ಬೆಳಿಗ್ಗೆ ಕಟ್ಟುಗಳಿಗೆಲ್ಲ ಬೆಲ್ಟು ಹಾಕಿ ಹೊರಟೆವು. ನನ್ನದೂ ಹಾಕಿಕೊಂಡೆ. ಜಗತ್ ದಾಟಿತು, ಊರು ದಾಟಿತು. ಕಮಲಾಪುರ ಇನ್ನೇನು ಬಂತು ಎನ್ನುವಾಗ ಕಬ್ಬಿನ ಲಾರಿ ಅಡ್ಡ ಬಿದ್ದು ರಸ್ತೆ ಬಂದ್ ಆಗಿತ್ತು. ಉಳಿದ ಗಾಡಿಗಳೆಲ್ಲ ಹಿಂದೆ ಸರಿದು ಬೇರೆ ದಾರಿ ಹಿಡಿದವು. ನಾವು ಹಿಂದೆ ಸರಿಯುವಂತಿಲ್ಲ. ಎಡಕ್ಕೆ ಒಂದು ಸಣ್ಣ ದಾರಿ ಇತ್ತು, ಕಪಿಲ ಅದರಲ್ಲಿ ನುಗ್ಗಿಸಿದ. ಆ ದಾರಿ ಹೋಗಿ ಹೋಗಿ ಒಂದು ಫಂಕ್ಷನ್ ಹಾಲಿನ ಗೇಟಿನ ಮುಂದೆ ಮುಗಿಯಿತು. ಒಳಗೆ ಮದುವೆ.

ಗೇಟಿನವನು ಕಾರು ನೋಡಿದವನೇ ಎರಡೂ ಬಾಗಿಲು ತೆಗೆದ. ಬ್ಯಾಂಡಿನವರು ಶುರು ಮಾಡಿದರು. ಪೇಟ ಸುತ್ತಿದ ಒಬ್ಬ ಹಿರಿಯರು ಓಡಿಬಂದು ಬಾಗಿಲು ತೆಗೆದು, ಬರ್ರಿ ಮೇಡಂ, ನಿಮ್ಮ ದಾರೀನೇ ಕಾಯ್ತಿದ್ವಿ ಎಂದು ನನ್ನ ಕೊರಳಿಗೆ ಹಾರ ಹಾಕಿದರು. ಹಾರ ಹಾಕಿಸಿಕೊಂಡ ಮೇಲೆ ಏನು ಹೇಳುವುದು? ಹೆಣ್ಣಿನ ಕಡೆಯವರು ನನ್ನನ್ನು ಗಂಡಿನ ಕಡೆಯ ದೊಡ್ಡ ಆಫೀಸರು ಎಂದುಕೊಂಡರು. ಗಂಡಿನ ಕಡೆಯವರು ಹೆಣ್ಣಿನ ಕಡೆಯವರು ಎಂದುಕೊಂಡರು. ಇಬ್ಬರೂ ಕೂಡಿ ಮೊದಲ ಸಾಲಿನ ಸೋಫಾದ ಮೇಲೆ ಕೂಡಿಸಿದರು. ಒಬ್ಬಳು ಗುಲಾಬಿ ನೀರು ಚಿಮುಕಿಸಿದಳು. ಇನ್ನೊಬ್ಬಳು ತನ್ನ ಮಗನ ನೌಕರಿಯ ಅರ್ಜಿ ನನ್ನ ಕೈಯಲ್ಲಿಟ್ಟಳು.

ಬಾಗಿಲಲ್ಲಿ ನಿಂತ ಕಪಿಲ ಕೈ ಗಡಿಯಾರ ತೋರಿಸುತ್ತಿದ್ದ. ಊಟದ ಹೊತ್ತು ಹತ್ತಿರ ಬಂದಿತ್ತು. ಮಸ್ತಾನಬಿಯ ಕೆಲಸ ನೆನಪಾಯಿತು. ಮೈಕ್ ಹಿಡಿದು ಯಾರೋ, ಮೇಡಂ ಎರಡು ಮಾತು ಆಡಬೇಕು ಎಂದರು. ಜುಲೈನಿಂದ ನಾನು ಮನೆಯಲ್ಲೇ ಮಾತಾಡಿದವಳಲ್ಲ. ಎದ್ದು ನಿಂತು ಮೈಕ್ ಹಿಡಿದೆ.

‘ನನ್ನ ಹೆಸರು ಬಂಡೆಮ್ಮ. ಶಹಾಬಜಾರದಾಗ ರೊಟ್ಟಿ ಮಾಡಿ ಮಾರ್ತೀನಿ. ನಮ್ಮ ಗಾಡಿ ಹಿಂದಕ್ಕ ಹೋಗಂಗಿಲ್ಲ, ಅದಕ್ಕ ಒಳಗ ಬಂದೀವಿ. ಮದುಮಕ್ಕಳು ಚಂದ ಇರ್ಲಿ. ನಮಗ ಹೊರಗ ಹೋಗಾಕ ಇನ್ನೊಂದು ಗೇಟ್ ಅದ ಏನು, ಹೇಳ್ರಿ.’

ಮೊದಲು ಮದುಮಗಳು ನಕ್ಕಳು. ಅವಳು ನಕ್ಕ ಮೇಲೆ ಇಡೀ ಹಾಲು ನಕ್ಕಿತು. ಪೇಟದ ಹಿರಿಯರು ಮಾತ್ರ ನಗಲಿಲ್ಲ. ಕಾರಿನ ತನಕ ಬಂದು, ಬೆಲ್ಟು ಹಾಕಿಕೊಂಡು ಕುಳಿತ ರೊಟ್ಟಿಯನ್ನು ಬಹಳ ಹೊತ್ತು ನೋಡಿದರು. ‘ನಮ್ಮ ಮಂದಿ ಯಾರೂ ಬೆಲ್ಟ್ ಹಾಕ್ಕೋಳಂಗಿಲ್ಲ, ರೊಟ್ಟಿ ಹಾಕ್ಕೊಂಡದ’ ಎಂದು ತಾವೇ ಅಡುಗೆಮನೆ ಕಡೆಯ ಗೇಟು ತೆಗೆಸಿದರು. ಹಾಕಿದ ಹಾರ ವಾಪಸು ತಗೊಳ್ಳಲಿಲ್ಲ. ಅರ್ಜಿಯನ್ನು ನಾನೇ ವಾಪಸು ಕೊಟ್ಟೆ.

ಆದರೆ ಬ್ಯಾಂಡಿನವರಿಗೆ ಇದೆಲ್ಲ ಯಾರೂ ಹೇಳಿರಲಿಲ್ಲ. ಕಾರು ಹೊರಟಿತೆಂದು ಅವರೂ ಬಾರಿಸುತ್ತ ಮುಂದೆ ಮುಂದೆ ಹೊರಟರು. ದಾರಿ ಸಣ್ಣದು, ಅವರನ್ನು ದಾಟಿ ಹೋಗಲು ಜಾಗವಿಲ್ಲ. ಹಾರ್ನ್ ಹೊಡೆದರೆ ಇನ್ನೂ ಜೋರಾಗಿ ಬಾರಿಸಿದರು. ಹೀಗೆ ಬ್ಯಾಂಡು, ಅದರ ಹಿಂದೆ ನಾವು, ನಮ್ಮ ಹಿಂದೆ ಕಮಲಾಪುರದ ಮಕ್ಕಳು, ಎಲ್ಲರೂ ಕೂಡಿ ಖಾನಾವಳಿಯ ಮುಂದೆ ಬಂದೆವು. ಕಬ್ಬಿನ ಲಾರಿ ಅತ್ತ ಬಿದ್ದದ್ದು ಒಳ್ಳೆಯದೇ ಆಯಿತು, ಹೈವೇ ಖಾಲಿ ಇತ್ತು.

ಊಟಕ್ಕೆ ಕುಳಿತವರೆಲ್ಲ ಎಂಜಲು ಕೈಯಲ್ಲೇ ಹೊರಗೆ ಬಂದರು. ಶಿವಕಾಂತಮ್ಮ ಸೌಟು ಹಿಡಿದು ನಿಂತಿದ್ದರು. ಕೊರಳಲ್ಲಿ ಹಾರ ಹಾಕಿಕೊಂಡೇ ನಾನು ಇಳಿದೆ. ತೆಗೆಯುವುದು ಮರೆತುಹೋಗಿತ್ತು. ಬೆಲ್ಟು ಬಿಚ್ಚಿ ಕಟ್ಟುಗಳನ್ನು ಒಂದೊಂದಾಗಿ ಒಳಗಿಟ್ಟೆವು. ಅವರು ಸೌಟು ಕೆಳಗಿಟ್ಟು, ಬಿಚ್ಚಿ, ಒಂದೊಂದೇ ತೆಗೆದು ನೋಡಿದರು. ಕಪಿಲ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ.

‘ಒಂದೂ ಮುರದಿಲ್ಲಲ್ಲ ಬಂಡೆಮ್ಮ’ ಎಂದರು. ‘ಇನ್ ನಾ ಯಾವುದಕ್ಕ ಬೈಬೇಕು?’

ಮುಂದಿನ ವಾರದಿಂದ ಎರಡು ಕಟ್ಟು ಹೆಚ್ಚಿಗೆ ಬೇಕಂತೆ. ಕಾರು ಗೋಡೆಗೆ ಮೂತಿ ಹಚ್ಚಿ ನಿಂತಿದ್ದರಿಂದ ಊಟಕ್ಕೆ ಬಂದವರೇ ಹಿಂದಕ್ಕೆ ತಳ್ಳಿಕೊಟ್ಟರು. ಬ್ಯಾಂಡಿನವರು ಅದಕ್ಕೂ ಬಾರಿಸಿದರು.

ಬರುವಾಗ ಮುಂದಿನ ಸೀಟು ಖಾಲಿ ಇತ್ತು, ಅಲ್ಲೇ ಕುಳಿತೆ. ಕಾರು ಟಿಂಗ್ ಎಂದಿತು. ‘ವೈನಿ, ಬೆಲ್ಟ್’ ಎಂದ ಕಪಿಲ. ಊರ ಹೊರಗೆ ಬುಟ್ಟಿಯಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಿದ್ದರು, ತಗೊಂಡೆವು. ಚೂರು ತೆಗೆದಿಡೋಣ ಎಂದು ಬಟ್ಟೆ ಬಿಚ್ಚಿದೆ. ಚೂರೇ ಇರಲಿಲ್ಲ. ಮೇಲಿನ ರೊಟ್ಟಿಗಳು ಮೂರೂ ಹಾಗೇ ಇದ್ದವು, ದುಂಡಗೆ, ಒಲೆಯಿಂದ ತೆಗೆದ ಹಾಗೆ. ಹೀಗೆ ಯಾವತ್ತೂ ಆಗಿರಲಿಲ್ಲ. ಅವರಿಗೆ ಏನು ಒಯ್ಯುವುದು ಎಂದು ಗೊತ್ತಾಗಲಿಲ್ಲ. ಗಟ್ಟಿ ರೊಟ್ಟಿಯನ್ನು ಅವರು ಮುಟ್ಟುತ್ತಿರಲಿಲ್ಲ. ಅದು ಮಾರುವುದು ಎನ್ನುತ್ತಿದ್ದರು.

ಬಹಳ ಹೊತ್ತು ಒಂದನ್ನು ಕೈಯಲ್ಲಿ ಹಿಡಿದು ಕುಳಿತಿದ್ದೆ. ಆಮೇಲೆ ನಾನೇ ಮುರಿದೆ. ಟಕ್ ಎಂದಿತು. ಅರ್ಧ ಕಪಿಲನಿಗೆ ಕೊಟ್ಟು, ಅರ್ಧವನ್ನು ಬಾಳೆಹಣ್ಣಿನ ಜೊತೆ ನಾನು ತಿಂದೆ. ರುಚಿಯಾಗಿತ್ತು. ಇಷ್ಟು ವರ್ಷ ಮಾಡಿದೆ, ಮೇಲಿನ ರೊಟ್ಟಿ ತಿಂದು ನೋಡಿದ್ದು ಇವತ್ತೇ.

ನವೆಂಬರ್ ೩೦, ಶನಿವಾರ

ಹುಮನಾಬಾದದಲ್ಲಿ ಒಬ್ಬ ಮೆಕ್ಯಾನಿಕ್ ರಿವರ್ಸ್ ಗೇರನ್ನು ಕಡಿಮೆಯಲ್ಲಿ ಮಾಡಿಕೊಡುತ್ತಾನಂತೆ. ಕಪಿಲ ಹೇಳಿದ್ದಕ್ಕೆ ಮಲ್ಲಣ್ಣ ಸಿಟ್ಟಾದ. ‘ಮತ್ತ ನಾವೇನ್ ಸತ್ತೀವೇನು?’ ಎಂದು ಕೇಳಿದ. ಅದನ್ನು ಅಲ್ಲಿಗೇ ಬಿಟ್ಟೆವು.

ಡಬ್ಬಿಗಳಲ್ಲಿದ್ದ ಚೂರನ್ನೆಲ್ಲ ಮಸ್ತಾನಬಿಯ ಕೋಳಿಗಳಿಗೆ ಹಾಕಿದೆ. ದೌಲಪ್ಪನ ಕೋಳಿಗಿಂತ ನನ್ನವು ಚೆಂದ ತಿಂತಾವ ಎಂದಳು. ಡಬ್ಬಿ ಎರಡನ್ನೂ ತೊಳೆದು ಬೋರಲು ಹಾಕಿದ್ದೇನೆ. ಒಂದಕ್ಕೆ ಶೇಂಗಾ ಹಿಂಡಿ ತುಂಬಬೇಕು, ಬರುವ ಶುಕ್ರವಾರ ಕಾರಿನಲ್ಲಿ ಇಟ್ಟುಕೊಳ್ಳಲು. ಬರಿ ಬಾಳೆಹಣ್ಣಿನ ಜೊತೆ ಎಷ್ಟು ದಿನ ತಿನ್ನುವುದು?

ಆಕಳಿಕೆ ಬರುತ್ತಿದೆ. ಇನ್ನೂ ಕತ್ತಲಾಗಿಲ್ಲ, ಆಗಲೇ ಆಕಳಿಕೆ.